ಹಿಂದಿನ ಸೀಟಿನವರೆಗೆ

ಧಾರೇಶ್ವರದಲ್ಲಿ ನಮ್ಮ ಪಕ್ಕದ ಮನೆಯವರು ಕುಮಟಾ–ಭಟ್ಕಳ ಬಸ್ಸಿನ ಕಂಡಕ್ಟರ್. ಭಟ್ಕಳದಲ್ಲಿ ಬಸ್ಸು ಖಾಲಿಯಾದ ಮೇಲೂ ಹಿಂದಿನ ಸೀಟಿನವರೆಗೆ ನಡೆದು, ಬಗ್ಗಿ ನೋಡಿ, "ಇನ್ಯಾರಾದ್ರೂ ಇದ್ರಾ?" ಎಂದು ಕೇಳದೆ ಅವರು ಕೆಳಗಿಳಿದದ್ದನ್ನು ನಾನು ಕಂಡಿಲ್ಲ. ಹೊನ್ನಾವರದ ಸೇತುವೆ ದಾಟುವಾಗಲೇ ನಿದ್ದೆಹೋಗಿ ಸೀಟಿನಲ್ಲೇ ಉಳಿದವರನ್ನು ಭುಜ ಮುಟ್ಟಿ ಎಬ್ಬಿಸುತ್ತಿದ್ದರು.

ಅವರ ತಲೆಯೊಳಗೆ ಗಡ್ಡೆ ಕಂಡಾಗ ಮಂಗಳೂರಿಗೆ ಕರೆದೊಯ್ದೆವು. ನಮ್ಮ ಜಿಲ್ಲೆಯಲ್ಲಿ ಅಂಥ ಆಪರೇಶನ್ ಎಲ್ಲಿ? ಮೊದಲು ಒಂದು ಔಷಧ ಕುಡಿಸಿದರು. ನೀಲಿ ಬೆಳಕು ಬಿಟ್ಟಾಗ ಗಡ್ಡೆ ಕೆಂಪಗೆ ಹೊಳೆಯುತ್ತದೆ, ಹೊಳೆದದ್ದನ್ನು ತೆಗೆಯುತ್ತೇವೆ, ಆದರೆ ಮಿದುಳಿನಲ್ಲಿ ಮಾತಿನ ಜಾಗವನ್ನು ಮುಟ್ಟುವುದಿಲ್ಲ, ಮುಟ್ಟಿದರೆ ಮಾತೇ ಹೋದೀತು ಎಂದರು ಡಾಕ್ಟರು.

ಔಷಧ ಕುಡಿದವರಿಗೆ ಬಿಸಿಲು ತಾಗಬಾರದೆಂದು ಆಪರೇಶನ್ ಆದ ಮೇಲೂ ಕಿಟಕಿಗೆ ಪರದೆ ಎಳೆದೇ ಇತ್ತು. ತಲೆಗೆ ಪಟ್ಟಿ ಕಟ್ಟಿಕೊಂಡು ಮಲಗಿದ್ದ ಕಂಡಕ್ಟರ್ ಡಾಕ್ಟರನ್ನು ಕೇಳಿದ್ದು ಅದನ್ನೇ: "ಇನ್ಯಾರಾದ್ರೂ ಇದ್ರಾ?"

ಡಾಕ್ಟರಿಗೆ ತಿಳಿಯಲಿಲ್ಲ. "ಗಡ್ಡೆ ಉಳಿದಿದೆಯಾ ಅಂತ ಕೇಳ್ತಿದ್ದಾರೆ," ಎಂದೆ.

"ಮಾತಿನ ಜಾಗದಲ್ಲಿ ಸ್ವಲ್ಪ ಹೊಳೀತಿತ್ತು. ಅದನ್ನು ಬಿಟ್ಟಿದ್ದೇವೆ."

"ಆತು," ಎಂದು ಅವರು ಕಣ್ಣು ಮುಚ್ಚಿದರು.

ಬಿಟ್ಟದ್ದು ಮತ್ತೆ ಬೆಳೆಯಿತು. ಮಳೆಗಾಲ ಮುಗಿಯುವಷ್ಟರಲ್ಲಿ ಅವರ ಮಾತುಗಳು ಒಂದೊಂದಾಗಿ ಹೋದವು. ಹೆಂಡತಿಯ ಹೆಸರೂ ಹೋಯಿತು. ದಿನವೂ ಹೇಳಿ ನಾಲಿಗೆಗೆ ಅಂಟಿದ್ದ ಆ ಒಂದು ಮಾತು ಮಾತ್ರ ಉಳಿಯಿತು.

ಕೊನೆಯ ದಿನ ನಾವೆಲ್ಲ ಮಂಚದ ಸುತ್ತ ನಿಂತಿದ್ದೆವು.

"ಇನ್ಯಾರಾದ್ರೂ ಇದ್ರಾ?"

"ನಾವೆಲ್ಲ ಇಲ್ಲೇ ಇದ್ದೇವಲ್ಲ," ಎಂದು ಹೆಂಡತಿ ಅವರ ಭುಜ ಮುಟ್ಟಿದರು.

ಅವರು ನಮ್ಮನ್ನು ದಾಟಿ ಹಿಂದಕ್ಕೆ ನೋಡಿದರು. ಮತ್ತೆ ಅದನ್ನೇ ಕೇಳಿದರು.