ಬುತ್ತಿ ಮುಟ್ಟುವಷ್ಟು ದೂರ

ಹುಕ್ಕೇರಿ ಬಸ್ ನಿಲ್ದಾಣದ ಕಟ್ಟೆಯ ಮೇಲೆ ಕುಳಿತು ಬರೆಯುತ್ತಿದ್ದೇನೆ, ಮೊಮ್ಮಕ್ಕಳೇ. ನಿಮ್ಮ ಅಕ್ಕ ಸುಜಾತಾ ದಿಲ್ಲಿಯ ಕಾಲೇಜೊಂದನ್ನು ಆರಿಸಿಕೊಂಡಿದ್ದಾಳೆ. ಅಲ್ಲಿ ಇತಿಹಾಸ, ಭಾಷೆಗಳ ಜೊತೆಗೆ ದೇಶ ದೇಶಗಳ ನಡುವಿನ ವ್ಯವಹಾರವನ್ನೂ ಕಲಿಸುತ್ತಾರಂತೆ. ಹುಕ್ಕೇರಿಯ ನನ್ನ ತಮ್ಮ ಬಸಪ್ಪ ಹೂಂ ಅನ್ನದೆ ನಿಮ್ಮಪ್ಪ ಕಳಿಸುವುದಿಲ್ಲ. ಅದಕ್ಕೇ ಮೂಡಲಗಿಯಿಂದ ನಾನೂ ಸುಜಾತಾಳೂ ಬಂದೆವು.

ನಮ್ಮನ್ನು ಕರೆದೊಯ್ಯಲು ನಿಲ್ದಾಣಕ್ಕೆ ಬಂದ ಬಸಪ್ಪ ಕಾಲೇಜಿನ ಹೆಸರನ್ನೂ ಕೇಳಲಿಲ್ಲ. ಎದುರಿಗೆ ಬೆಳಗಾವಿ ಬಸ್ ನಿಂತಿತ್ತು. ಅಲ್ಲಿ ಓದುವ ಮಕ್ಕಳಿಗೆ ಮನೆಯವರು ಕಳಿಸಿದ ಬುತ್ತಿ ಡಬ್ಬಿಗಳು ಡ್ರೈವರ್ ಹಿಂದೆ ಸಾಲಾಗಿದ್ದವು. ಅವುಗಳತ್ತ ಕೈ ತೋರಿಸಿದ.

“ಅಕ್ಕಾ, ದಿಲ್ಲಿಗೆ ಬುತ್ತಿ ಹೆಂಗ ಮುಟ್ಟತೈತಿ? ಬೆಳಗಾವ್ಯಾಗ ಓದ್ಲಿ.”

“ನಾ ಕಲಿಯೂದು ಅಲ್ಲಿಲ್ಲ, ಅಜ್ಜಾ,” ಎಂದಳು ಸುಜಾತಾ.

“ಉಪಾಸ ಇದ್ದು ಏನ್ ಕಲೀತಿ?”

ಮತ್ತೆ ಮತ್ತೆ ಅದೇ ಬುತ್ತಿ, ಅದೇ ಬಸ್ಸು. ನಾಲ್ಕು ಜನರೆದುರು ಬಾಯಿ ಬಿಡದ ನನಗೂ ತಲೆ ಕೆಟ್ಟುಹೋಯಿತು.

“ಕಟಕ ರೊಟ್ಟಿ ತಿಂಗಳಾದ್ರೂ ಕೆಡೂದಿಲ್ಲೋ! ಶೇಂಗಾ ಚಟ್ನಿ ಕೂಡ ನಾನ ಕಟ್ಟಿ ಕೊಡ್ತೇನಿ. ರೊಟ್ಟಿ ಚಿಂತಿ ಬಿಡು, ಅಕಿ ಮಾತು ಕೇಳು!”

ಸುತ್ತಲಿನವರೆಲ್ಲ ನನ್ನನ್ನೇ ನೋಡಿದರು. ನಾನು ಸೆರಗು ಎಳೆದುಕೊಂಡೆ. ಡಬ್ಬಿಗಳ ಬಸ್ಸು ಹೊರಟುಹೋಯಿತು. ಆಮೇಲೆ ಬಸಪ್ಪ ಸುಜಾತಾಳ ಕಡೆ ತಿರುಗಿದ.

“ಯಾವ ಕಾಲೇಜ ಅಂದೀ, ಯವ್ವಾ?”