ಅಪ್ಪ ಎರೆದ ತಾಮ್ರ

ತೊಂಬತ್ತರ ದಶಕದ ಮಾತು. ಐಟಿಐ ಮುಗಿಸಿ ನಿಪ್ಪಾಣಿಯ ಒಂದು ವರ್ಕ್‌ಶಾಪಿನಲ್ಲಿ ಸ್ಪಾರ್ಕ್ ಮಷಿನ್ ನೋಡಿಕೊಳ್ಳುತ್ತಿದ್ದೆ. ಚಿಮಣಿ ಎಣ್ಣೆಯಲ್ಲಿ ಮುಳುಗಿಸಿಟ್ಟ ಉಕ್ಕಿನ ಮೇಲೆ ಎಲೆಕ್ಟ್ರೋಡ್ ಕಿಡಿ ಹಾರಿಸುತ್ತ, ತನ್ನದೇ ಆಕಾರದ ಕುಳಿ ಕೊರೆಯುವ ಯಂತ್ರ ಅದು. ಎಲೆಕ್ಟ್ರೋಡ್ ಕೆಟ್ಟರೆ ಉಕ್ಕೂ ಕೆಟ್ಟಂತೆಯೇ, ನನ್ನ ನಿದ್ದೆಯೂ.

ಅಥಣಿಯ ಗಿರಾಕಿಯೊಬ್ಬರು ಪ್ಲಾಸ್ಟಿಕ್ ಬಾಚಣಿಗೆಯ ಅಚ್ಚಿಗೆಂದು ಹದಗೊಳಿಸಿದ ಉಕ್ಕು ತಂದರು. ಇದ್ದದ್ದು ಒಂದೇ ತುಂಡು. "ಎಲೆಕ್ಟ್ರೋಡ್ ಗ್ರಾಫೈಟಿಂದೋ ತಾಮ್ರದ್ದೋ, ನೀನ ನೋಡವಾ," ಎಂದು ಮಾಲೀಕರು ಅದನ್ನು ನನ್ನ ತಲೆಗೆ ಕಟ್ಟಿದರು. ಗ್ರಾಫೈಟ್ ಬೇಗ ಕೊರೆಯುತ್ತದೆ, ಆದರೆ ಬಾಚಣಿಗೆಯ ಹಲ್ಲಿನಷ್ಟು ತೆಳುವಾದರೆ ಪಟ್ಟನೆ ಮುರಿಯುತ್ತದೆ. ತಾಮ್ರವೇ ಸರಿ ಎಂದೆ.

ಕೊಲ್ಹಾಪುರದಿಂದ ತಾಮ್ರ ತರಬೇಕೆಂದು ಮನೆಯಲ್ಲಿ ಬಾಯಿ ಬಿಟ್ಟದ್ದೇ ತಪ್ಪಾಯಿತು. ಅಪ್ಪ ತಾಮ್ರದ ಹಂಡೆ, ಕೊಡ ಮಾಡಿ, ತೂತು ಬಿದ್ದರೆ ಬೆಸುಗೆ ಹಾಕಿಕೊಡುತ್ತಿದ್ದವರು. ಸ್ಟೀಲು ಬಂದ ಮೇಲೆ ಅವರ ಕುಲುಮೆ ತಣ್ಣಗಾಗಿತ್ತು. "ತಾಮ್ರ ತರಾಕ ಕೊಲ್ಹಾಪುರಕ್ಕ ಯಾಕ ಹೋಗ್ತಿ ಬೇ? ನಾ ಇಲ್ಲೇನು?" ಎಂದವರೇ ಹಳೆಯ ಹಂಡೆಯೊಂದನ್ನು ಕರಗಿಸಿ ಗಟ್ಟಿ ಎರೆದು ಕೊಟ್ಟರು. ಹಾಗೆ ಎರೆದ ತಾಮ್ರದೊಳಗೆ ಗಾಳಿ ಸಿಕ್ಕಿಕೊಂಡು ತೂತು ಉಳಿಯಬಹುದೆಂದು ನನಗೆ ಗೊತ್ತಿತ್ತು. ಅಷ್ಟು ಹುರುಪಿನಲ್ಲಿದ್ದವರಿಗೆ ಹೇಳುವ ಧೈರ್ಯ ಬರಲಿಲ್ಲ.

ಗಟ್ಟಿಯಲ್ಲಿ ಹಲ್ಲು ಕತ್ತರಿಸಿ ಮಷಿನ್ನಿಗೆ ಕಟ್ಟಿದೆ. ಚರಚರ ಎಂದು ಒಂದೇ ಸಮ ಬರುತ್ತಿದ್ದ ಸದ್ದು ಸ್ವಲ್ಪ ಹೊತ್ತಿಗೇ ತಡವರಿಸಿತು. ನಿಲ್ಲಿಸಿ ಮೇಲೆತ್ತಿದರೆ ಮೂರನೆಯ ಹಲ್ಲಿನಲ್ಲಿ ಸೂಜಿಯ ಕಣ್ಣಿನಷ್ಟು ತೂತು. ಅಲ್ಲಿ ಕಿಡಿ ಹದತಪ್ಪಿ ಬಿದ್ದು ಉಕ್ಕಿನ ಮೇಲೊಂದು ಕಲೆಯಾಗಿತ್ತು. ಇನ್ನೂ ಆಳಕ್ಕೆ ಕೊರೆಯಬೇಕಿದ್ದ ಜಾಗವಾದ್ದರಿಂದ ಕಲೆ ಅಳಿಸಿಹೋಗುವಂತಿತ್ತು, ಬಚಾವಾದೆ. ಮರುದಿನವೇ ಕೊಲ್ಹಾಪುರದಿಂದ ಕಾರ್ಖಾನೆಯ ತಾಮ್ರದ ಪಟ್ಟಿ ತರಿಸಿ ಕೆಲಸ ಮುಗಿಸಿದೆ.

ಅಪ್ಪನ ಗಟ್ಟಿಯನ್ನು ಅರಿವೆಯಲ್ಲಿ ಸುತ್ತಿ ವರ್ಕ್‌ಶಾಪಿನ ಡ್ರಾದಲ್ಲಿ ಬಚ್ಚಿಟ್ಟೆ. "ಹೆಂಗಾತು?" ಎಂದು ಅವರು ಕೇಳಿದಾಗ "ಛಲೋ ಆತಪ್ಪಾ" ಎಂದೆ. ತಮ್ಮ ತಾಮ್ರ ಮಷಿನ್ನಿಗೆ ನಡೀತೆಂದು ಅವರು ಓಣಿಯೆಲ್ಲ ಹೇಳಿಕೊಂಡು ಬಂದರು. ಯಾವತ್ತು ಗೊತ್ತಾಗುವುದೋ ಎಂಬ ಹೆದರಿಕೆಯಲ್ಲಿ ನನಗೆ ಊಟ ಸೇರುತ್ತಿರಲಿಲ್ಲ.

ಒಂದು ಮಧ್ಯಾಹ್ನ ಇಸ್ತ್ರಿ ಮಾಡಿದ ಧೋತರ ಉಟ್ಟು ವರ್ಕ್‌ಶಾಪಿಗೇ ಬಂದುಬಿಟ್ಟರು. ಟೇಬಲ್ಲಿನ ಮೇಲಿದ್ದ ಬಾಚಣಿಗೆಯ ಎಲೆಕ್ಟ್ರೋಡನ್ನು ಎತ್ತಿಕೊಂಡು ಉಗುರಿನಿಂದ ತಟ್ಟಿ ಸದ್ದು ಕೇಳಿದರು.

"ಇದು ನನ್ನ ತಾಮ್ರ ಅಲ್ಲ."

ಎಲೆಕ್ಟ್ರೋಡ್ ಹಿಡಿದೇ ನನ್ನ ಕಡೆ ತಿರುಗಿದರು.

"ತೂತ ಬಿದ್ದಿತ್ತೇನ?"

ಹೌದೆಂದು ತಲೆಯಾಡಿಸಿದೆ. ಬೈಯುತ್ತಾರೆ ಅಂದುಕೊಂಡೆ, ಬೈಯಲಿಲ್ಲ. ಎಲೆಕ್ಟ್ರೋಡನ್ನು ಇದ್ದಲ್ಲಿಯೇ ಇಟ್ಟರು.

"ನಾಲ್ವತ್ತ ವರ್ಷ ಮಂದಿ ತೂತ ಬಿದ್ದ ಕೊಡಾ ತಂದು ನನ್ನ ಮುಂದನ ಇಟ್ಟಾರ. ಮುಚ್ಚಿಟ್ಟಾಕಿ ನೀ ಒಬ್ಬಾಕಿನ."