ಹಿಂದುಮುಂದಾದ ಬಾಣ

ಬೆಲ್ಲದ ಪಾಕ ತಳ ಹಿಡಿದಾಗ ಏಳುವ ವಾಸನೆ ನಿಮಗೂ ಗೊತ್ತಿರುತ್ತದೆ. ಆಗ ಬೇರೆಯವರು ಒಲೆ ಆರಿಸಲು ಓಡುತ್ತಾರೆ. ನಾನು ಸೌಟು ಹಿಡಿದುಕೊಂಡು ಒಂದು ಗಳಿಗೆ ಸುಮ್ಮನೆ ನಿಂತುಬಿಡುತ್ತೇನೆ. ಕಾಪುವಿನ ನಮ್ಮ ಮನೆಯ ಹಿಂದೆ, ಹಂಚಿನ ಮಾಡಿನ ಕೆಳಗೆ, ನಮ್ಮದೊಂದು ಫೌಂಡ್ರಿ ಇತ್ತು. ಅಲ್ಲಿ ನೀರಿನ ಮೀಟರು ತಯಾರಾಗುತ್ತಿತ್ತು. ಮೀಟರಿನ ಹೊಟ್ಟೆ ಪೊಳ್ಳಾಗಬೇಕಲ್ಲ, ಅದಕ್ಕಾಗಿ ಮರಳಿಗೆ ಕಬ್ಬಿನ ಕಾಕಂಬಿ ಕಲಸಿ, ಉಂಡೆ ಕಟ್ಟಿ, ಬೇಯಿಸಿ ಗಟ್ಟಿ ಮಾಡಿ ಒಳಗಿಡುತ್ತಿದ್ದರು. ಕರಗಿದ ಹಿತ್ತಾಳೆ ಅದರ ಸುತ್ತ ಹರಿದಾಗ ಕಾಕಂಬಿ ಸುಟ್ಟು, ಅಂಗಳದಿಂದ ದೇವರ ಕೋಣೆಯವರೆಗೆ ಅಡಿ ಹಿಡಿದ ಪಾಯಸದ ವಾಸನೆ ತುಂಬುತ್ತಿತ್ತು. ಮೀಟರು ಎಂದರೆ ತಿನ್ನುವ ವಸ್ತುವೇ ಇರಬೇಕೆಂದು ನಾನು ತುಂಬ ದಿನ ನಂಬಿದ್ದೆ. ಈಗಲೂ ಆ ವಾಸನೆ ಬಂದರೆ ನನಗೆ ಹಸಿವಾಗುತ್ತದೋ ದುಃಖವಾಗುತ್ತದೋ ಸರಿಯಾಗಿ ತಿಳಿಯುವುದಿಲ್ಲ.

ನಮ್ಮದು ಮೂಲದಲ್ಲಿ ಕಾರ್ಕಳದ ಕಡೆಯ ಎರಕದ ಮನೆತನ. ದೀಪ, ಗಂಟೆ, ಆರತಿ ತಟ್ಟೆ ಮಾಡಿಕೊಂಡಿದ್ದವರು. ಪೇಟೆಗಳಿಗೆ ನಲ್ಲಿ ನೀರು ಬರತೊಡಗಿದ ಎಪ್ಪತ್ತರ ದಶಕದಲ್ಲಿ ದೊಡ್ಡಪ್ಪ ಎಲ್ಲೋ ಒಂದು ಮೀಟರು ಬಿಚ್ಚಿ ನೋಡಿ, ಇದನ್ನು ನಾವೂ ಮಾಡಬಹುದಲ್ಲ ಎಂದರಂತೆ. ಮರಳು, ಕುಲುಮೆ, ಎರಕ ದೊಡ್ಡಪ್ಪನದು. ಅರ ಹಾಕಿ ನಯ ಮಾಡುವುದು, ಒಳಗಿನ ಚಕ್ರ ಕೂರಿಸಿ ನೀರು ಹರಿಸಿ ಪರೀಕ್ಷಿಸುವುದು ಅಪ್ಪನದು. ತಮಾಷೆಯೆಂದರೆ ಮೀಟರು ಮಾಡುವ ನಮ್ಮ ಮನೆಯಲ್ಲಿ ಒಂದೇ ಒಂದು ನಲ್ಲಿ ಇರಲಿಲ್ಲ. ಬಾವಿಯಿಂದ ಸೇದಿದ ನೀರೇ ಎಲ್ಲದಕ್ಕೂ, ಪರೀಕ್ಷೆಯ ತೊಟ್ಟಿಗೂ. ಅಜ್ಜಿಗಂತೂ ಈ ಕಸುಬಿನ ತಲೆಬುಡ ತಿಳಿಯುತ್ತಿರಲಿಲ್ಲ. ನೀರನ್ನು ಯಾರಾದರೂ ಅಳೆಯುತ್ತಾರಾ ಮಾರಾಯ, ಅದೆಂತ ಹಾಲಾ ಎಂದು ಮಕ್ಕಳನ್ನು ಕೆಣಕುತ್ತಿದ್ದರು. ಆದರೂ ಫೌಂಡ್ರಿಯ ಮೂಲೆಯಲ್ಲಿ ಅವರದೊಂದು ಮಣೆ ಇತ್ತು, ಪಕ್ಕದಲ್ಲಿ ಮೇಣದ ಬಟ್ಟಲು ಇತ್ತು. ದೀಪದ ಕಾಲದಿಂದಲೂ ಮೇಣದ ಕೆಲಸ ಅವರದೇ. ಅಂಟಿಸುವ ಮೇಣಕ್ಕೆ ದೇವರ ಬತ್ತಿಯಿಂದ ಒಂದು ಎಳೆ ಹತ್ತಿ ಕಿತ್ತು ಸೇರಿಸಿ ನಾದುತ್ತಿದ್ದರು. ಹಾಗೆ ಮಾಡಿದರೆ ಬಿರುಕು ಬಿಡುವುದಿಲ್ಲವಂತೆ. ಅದೆಲ್ಲ ಬೇಡ ಎಂದು ಅಪ್ಪ, ದೊಡ್ಡಪ್ಪ ಇಬ್ಬರೂ ನಗುತ್ತಿದ್ದರು, ತಾವು ಅಂಟಿಸುವಾಗ ಬರಿಯ ಮೇಣವನ್ನೇ ಒತ್ತುತ್ತಿದ್ದರು.

ನೀರು ಯಾವ ಕಡೆಯಿಂದ ಯಾವ ಕಡೆಗೆ ಹೋಗಬೇಕೆಂದು ತೋರಿಸಲು ಮೀಟರಿನ ಮೈಮೇಲೆ ಒಂದು ಬಾಣ ಇರುತ್ತದೆ. ಮರದ ಅಚ್ಚನ್ನು ಮರಳಿಗೆ ಒತ್ತಿ ತೆಗೆದರೆ ಬಾಣದ ಗುರುತೂ ಮರಳಿನಲ್ಲಿ ಮೂಡಬೇಕು. ಬೇರೆಯವರು ಅದನ್ನು ಮರದಲ್ಲೇ ಕೆತ್ತುತ್ತಿದ್ದರೇನೋ. ದೀಪಕ್ಕೆ ಹೂಬಳ್ಳಿ ಅಂಟಿಸಿ ರೂಢಿಯಾದ ನಮ್ಮವರು ಬಾಣವನ್ನೂ ಬೇರೆಯಾಗಿ ಮಾಡಿ ಮೇಣದಿಂದ ಅಂಟಿಸಿದ್ದರು. ಅದು ಆಗಾಗ ಕಳಚಿ ಮರಳಿಗೆ ಬೀಳುತ್ತಿತ್ತು. ಹತ್ತಿರ ಇದ್ದವರು ಹೆಕ್ಕಿ ಮತ್ತೆ ಅಂಟಿಸುತ್ತಿದ್ದರು. ಹೂಬಳ್ಳಿ ಯಾವ ಕಡೆಗೆ ತಿರುಗಿದರೂ ಚಂದವೇ, ಆದರೆ ಬಾಣ ಹಾಗಲ್ಲ.

ಎಂಬತ್ತರ ದಶಕ ಶುರುವಾದ ಹೊತ್ತಿನಲ್ಲಿ ಘಟ್ಟದ ಮೇಲಿನ ಒಂದು ಪೇಟೆಗೆ ಕಳಿಸಿದ ಮೀಟರುಗಳು ಒಂದೂ ಬಿಡದೆ ವಾಪಸು ಬಂದವು. ಬಾಣ ನೋಡಿ ಜೋಡಿಸಿದರೆ ಅಂಕಿ ಹಿಂದಕ್ಕೆ ಓಡುತ್ತದಂತೆ. ಆ ಊರಿನವರು ಸ್ನಾನ ಮಾಡಿದಷ್ಟೂ ನೀರಿನ ಲೆಕ್ಕ ಕಡಿಮೆಯಾಗುತ್ತಿತ್ತು ಎಂದು ಕೇಳಿ ನಾನೂ ಸುಮತಿ ಅಕ್ಕನೂ ಹೊಟ್ಟೆ ಹಿಡಿದುಕೊಂಡು ನಕ್ಕೆವು. ಸುಮತಿ ಅಕ್ಕ ದೊಡ್ಡಪ್ಪನ ಮಗಳು. ನಾವಿಬ್ಬರೂ ಒಂದೇ ಚಾಪೆಯಲ್ಲಿ ಮಲಗುತ್ತಿದ್ದವರು. ಪರೀಕ್ಷೆಯಲ್ಲಿ ಇದು ಯಾಕೆ ಸಿಕ್ಕಿಬೀಳಲಿಲ್ಲ ಎಂದರೆ, ಅಪ್ಪ ಬಾಣ ನೋಡಿ ಮೀಟರು ಜೋಡಿಸಿದವರೇ ಅಲ್ಲ. ಕಸ ತಡೆಯುವ ಜಾಲರಿ ಯಾವ ಬಾಯಲ್ಲಿದೆ ಎಂದು ಬೆರಳಿಂದ ಮುಟ್ಟಿ, ಆ ಕಡೆಯಿಂದ ನೀರು ಬಿಡುತ್ತಿದ್ದರು. ಬಾಣ ಇದ್ದದ್ದು ಕಸುಬು ಗೊತ್ತಿಲ್ಲದವರಿಗಾಗಿ. ಅದನ್ನು ನಮ್ಮ ಮನೆಯಲ್ಲಿ ಯಾರೂ ಕಣ್ಣಿಟ್ಟು ನೋಡುತ್ತಿರಲಿಲ್ಲ.

ಮೀಟರು ತರಿಸಿಕೊಂಡವರ ಕಡೆಯ ಅಧಿಕಾರಿಯೊಬ್ಬರು ಬಂದು ಜಗಲಿಯಲ್ಲಿ ಕೂತರು. ಅಚ್ಚು ಹೊರಗೆ ಬಂತು. ದೊಡ್ಡಪ್ಪ ಅದನ್ನು ಬೆಳಕಿಗೆ ಹಿಡಿದು ಬಾಣದ ಅಂಚನ್ನು ನೋಡಿದರು, ಅಪ್ಪನ ಕೈಗೆ ಕೊಟ್ಟರು. ಅಪ್ಪನೂ ನೋಡಿದರು. ಇದನ್ನು ಅಂಟಿಸಿದ್ದು ಯಾರು ಎಂದು ಅಧಿಕಾರಿ ಕೇಳಿದರು.

"ನಾನು," ಎಂದರು ದೊಡ್ಡಪ್ಪ.

"ಅಣ್ಣ ಅಲ್ಲ, ನಾನು," ಎಂದರು ಅಪ್ಪ.

ಶಾಲೆಯಲ್ಲಿ ಏನಾದರೂ ಒಡೆದರೆ ಎಲ್ಲರೂ ನಾನಲ್ಲ ನಾನಲ್ಲ ಎನ್ನುವುದನ್ನು ಕಂಡಿದ್ದ ನನಗೆ ಇದು ಯಾವ ಲೋಕದ ರೀತಿಯೆಂದು ಅರ್ಥವಾಗಲಿಲ್ಲ. ಅಧಿಕಾರಿಗೂ ಆಗಲಿಲ್ಲ, ಅವರು ಇಬ್ಬರ ಮುಖವನ್ನೂ ನೋಡುತ್ತ ಕೂತರು. ಅಷ್ಟರಲ್ಲಿ ಅಜ್ಜಿ ಗೋಡೆ ಹಿಡಿದುಕೊಂಡು ಬಾಗಿಲಿಗೆ ಬಂದು ಎಂತ ಆಯಿತು ಎಂದು ಕೇಳಿದರು. ಅವರ ಕಣ್ಣಿಗೆ ಪೊರೆ ಬಂದಿತ್ತು. ಎಂತ ಇಲ್ಲ ಅಮ್ಮ ಎಂದು ಅಣ್ಣತಮ್ಮ ಇಬ್ಬರೂ ಒಟ್ಟಿಗೇ ಹೇಳಿದರು. ಅವರು ಒಂದೇ ದನಿಯಲ್ಲಿ ಮಾತಾಡಿದ್ದನ್ನು ನಾನು ಕೇಳಿದ್ದು ಅದೇ ಕೊನೆ.

ಅಧಿಕಾರಿ ಹೋದ ಮೇಲೆ ಕುಲುಮೆಯ ಹತ್ತಿರ ಮಾತು ಬೆಳೆಯಿತು. ನಾನು ದೊಡ್ಡವ, ಇದು ನನ್ನ ತಲೆಗೇ ಇರಲಿ, ನೀನು ಸುಮ್ಮನಿರು ಎಂದು ದೊಡ್ಡಪ್ಪ ಹೇಳಿದರು. ಅಪ್ಪ ಅದುವರೆಗೆ ಅವರಿಗೆ ಎದುರಾಡಿದವರಲ್ಲ.

"ಎಲ್ಲದಕ್ಕೂ ನೀವೇ ದೊಡ್ಡವರಾ? ಹೊರಲಿಕ್ಕೆ ನನಗೆ ಬೆನ್ನಿಲ್ವಾ?"

ದೊಡ್ಡಪ್ಪ ಕೈಯಲ್ಲಿದ್ದ ಮರಳನ್ನು ಕೊಡವಿಕೊಂಡು ಹೊರಗೆ ಹೋದರು. ಆ ಪೇಟೆಯವರು ಮತ್ತೆ ನಮ್ಮ ಕಡೆ ತಲೆ ಹಾಕಲಿಲ್ಲ, ಸುದ್ದಿ ಕೇಳಿದ ಬೇರೆಯವರೂ ಹಿಂದೆ ಸರಿದರು. ಕುಲುಮೆ ತಣ್ಣಗಾಯಿತು. ದೊಡ್ಡಪ್ಪ ಸಂಸಾರ ಕಟ್ಟಿಕೊಂಡು ಕಾರ್ಕಳಕ್ಕೆ ಹೋಗಿ ಮತ್ತೆ ದೀಪ ಎರಕ ಹೊಯ್ಯತೊಡಗಿದರು. ಫೌಂಡ್ರಿಯಿಂದ ಆ ಒಂದು ಅಚ್ಚನ್ನು ಬಿಟ್ಟು ಇನ್ನೇನನ್ನೂ ಅವರು ಒಯ್ಯಲಿಲ್ಲ. ಅಪ್ಪ ಮಣಿಪಾಲದ ಒಂದು ವರ್ಕ್‌ಶಾಪ್ ಸೇರಿ ಬೆಳಿಗ್ಗೆ ಬಸ್ಸು ಹತ್ತುವವರಾದರು. ಎರಕದ ಮರಳಿನಲ್ಲಿ ನೆರೆಮನೆಯ ಕೋಳಿಗಳು ಗುಂಡಿ ತೋಡಿ ಮಲಗಿದವು. ನಾನು ಚಾಪೆಯ ಅರ್ಧ ಜಾಗ ಖಾಲಿ ಬಿಟ್ಟೇ ಮಲಗುತ್ತಿದ್ದೆ.

ಯಾರು ಅಂಟಿಸಿದ್ದೆಂದು ತಿಳಿದರೆ ಇಬ್ಬರನ್ನೂ ಒಂದು ಮಾಡಬಹುದೆಂಬ ಹುಚ್ಚು ನನಗೆ. ಅಪ್ಪನನ್ನು ಕೇಳಿದೆ. ನಾನೇ ಎಂದರು. ರಜೆಯಲ್ಲಿ ಕಾರ್ಕಳಕ್ಕೆ ಹೋದಾಗ ದೊಡ್ಡಪ್ಪನನ್ನು ಕೇಳಿದೆ. "ನಾನೇ ಮಗಾ. ಹಟ ಬಿಡು ಅಂತ ನಿನ್ನ ಅಪ್ಪನಿಗೆ ಹೇಳು," ಎಂದರು. ಇಬ್ಬರ ಮುಖದಲ್ಲೂ ಸುಳ್ಳು ಕಾಣಲಿಲ್ಲ. ಇಬ್ಬರೂ ನಿಜ ಹೇಳುತ್ತಿರಲು ಸಾಧ್ಯವಿಲ್ಲ ಎಂಬಷ್ಟು ಬುದ್ಧಿ ನನಗಿತ್ತು, ಅದರಾಚೆಗೆ ಇರಲಿಲ್ಲ. ಅಜ್ಜಿ ಮಾತ್ರ ಊಟಕ್ಕೆ ಕೂತಾಗಲೆಲ್ಲ ದೊಡ್ಡ ಮಗನ ಮಣೆ ಇದ್ದ ಜಾಗವನ್ನು ಕೈಯಿಂದ ತಡವುತ್ತಿದ್ದರು. ಒಂದು ಮಧ್ಯಾಹ್ನ ಅಪ್ಪನನ್ನು ಕೇಳಿಯೇಬಿಟ್ಟರು: "ನನ್ನಿಂದ ಎಂತ ತಪ್ಪಾಯಿತು ಅಂತ ಅವ ಬಿಟ್ಟು ಹೋದದ್ದು?" ಅಪ್ಪ ಊಟ ಅರ್ಧಕ್ಕೇ ಬಿಟ್ಟು ಎದ್ದು ಬಾವಿಕಟ್ಟೆಗೆ ಹೋದರು. ಆ ಪ್ರಶ್ನೆಗೆ ಉತ್ತರ ಸಿಗದೆಯೇ ಅಜ್ಜಿ ತೀರಿಕೊಂಡರು. ಆಗ ಚಟ್ಟಕ್ಕೆ ಹೆಗಲು ಕೊಟ್ಟ ಅಣ್ಣತಮ್ಮ ಒಬ್ಬರನ್ನೊಬ್ಬರು ನೋಡಲಿಲ್ಲ.

ಈಗ ಅವರಿಬ್ಬರೂ ಇಲ್ಲ. ಮೊನ್ನೆ ಸುಮತಿ ಅಕ್ಕ ಬಂದವಳು ಚೀಲದಿಂದ ಆ ಅಚ್ಚನ್ನು ತೆಗೆದು ನನ್ನ ಮಡಿಲಲ್ಲಿಟ್ಟಳು. ದೊಡ್ಡಪ್ಪ ಅದನ್ನು ಯಾರಿಗೂ ಮುಟ್ಟಲು ಬಿಡುತ್ತಿರಲಿಲ್ಲವಂತೆ. ಬಾಣ ಅದೇ ತಪ್ಪು ದಿಕ್ಕಿಗೆ ಮುಖ ಮಾಡಿತ್ತು. ಬೆರಳು ತಾಗಿದ್ದೇ ತಡ, ಒಣಗಿದ ಮೇಣ ಬಿಟ್ಟು ಅದು ನನ್ನ ಅಂಗೈಗೆ ಬಿತ್ತು. ಅದರ ಅಡಿಯಿಂದ, ಮೇಣಕ್ಕೆ ಕಚ್ಚಿಕೊಂಡ ಒಂದು ಎಳೆ ಹತ್ತಿ ಜೋತಾಡಿತು.

"ಅಜ್ಜಿ," ಎಂದಳು ಸುಮತಿ ಅಕ್ಕ.

ಅಂದು ಜಗಲಿಯಲ್ಲಿ ಇಬ್ಬರೂ ನೋಡಿದ್ದು ಈ ಎಳೆಯನ್ನೇ ಇರಬೇಕು. ಇನ್ನೊಬ್ಬನೂ ನೋಡಿದ್ದಾನೆ ಎಂದು ಇಬ್ಬರಿಗೂ ಗೊತ್ತಿದ್ದರೆ ಮತ್ತೆ ಮುನಿಸು ಯಾಕೆ? ಗೊತ್ತಿಲ್ಲದಿದ್ದರೆ ಕೇಳಬಾರದಿತ್ತೇ? ತಮ್ಮ ಅಮ್ಮನ ಮನಸ್ಸು ನೋಯಬಾರದೆಂದು ಹೊರಟವರು ಆಕೆಯ ಕಣ್ಣೆದುರೇ ಮನೆಯನ್ನು ಎರಡು ಮಾಡಿದರಲ್ಲ. ನನಗೆ ಅವರ ಮೇಲೆ ಸಿಟ್ಟು ಬಂತು, ಅವರ ಕಾಲಿಗೆ ಬೀಳಬೇಕೆಂದೂ ಅನಿಸಿತು. ಯಾವುದು ಮೊದಲು ಬಂತೆಂದು ಕೇಳಿದರೆ ಹೇಳಲಾರೆ.

ಸುಮತಿ ಅಕ್ಕ ಮೇಣ ಬಿಸಿ ಮಾಡಿದಳು. ನಾನು ದೇವರ ಬತ್ತಿಯಿಂದ ಒಂದು ಎಳೆ ಕಿತ್ತು ಕೊಟ್ಟೆ. ಬಾಣ ಹಿಡಿದುಕೊಂಡು ಅವಳು, ಈಗಲಾದರೂ ಸರಿಯಾಗಿ ತಿರುಗಿಸಿ ಅಂಟಿಸುವುದಾ ಎಂದು ಕೇಳಿದಳು.

"ಬೇಡ ಅಕ್ಕ," ಎಂದೆ. "ಅಜ್ಜಿ ಇಟ್ಟ ಹಾಗೇ ಇರಲಿ."